ಹೊಲಿಗೆ ಮೆಷಿನ್ ಮೇಲೆ ಲ್ಯಾಪ್‌ಟಾಪ್

ಗಣೇಶ ಹಬ್ಬಕ್ಕೆ ಸಾಗರಕ್ಕೆ ಹೋದಾಗ ಅಪ್ಪನ ಕಂಪ್ಯೂಟರ್ ಟಕ್ ಟಕ್ ಅನ್ನುತ್ತಿತ್ತು. "ವಯಸ್ಸಾಯ್ತು, ಮಂಡಿ ನೋವು ಅದಕ್ಕೂ" ಅಂದರು ಅಪ್ಪ. ಅದು ಹಾರ್ಡ್ ಡಿಸ್ಕ್ ಸಾಯುವ ಮುಂಚಿನ ಸದ್ದು ಅಂತ ನನಗೆ ಗೊತ್ತಿತ್ತು. ಒಳಗೆ 86 ಜಿಬಿ ಇತ್ತು. ತಂಗಿ ಮದುವೆಯ ಫೋಟೋಗಳು, ವಿಡಿಯೋ, ಜೊತೆಗೆ ಅಪ್ಪ ತಾಳಮದ್ದಳೆಗೆ ಅಂತ ಬರೆದಿಟ್ಟುಕೊಂಡಿದ್ದ ಅರ್ಥದ, ಅಂದರೆ ಪಾತ್ರಗಳ ಮಾತಿನ, ಟಿಪ್ಪಣಿಗಳು. ಎಲ್ಲದಕ್ಕೂ ಒಂದೇ ಪ್ರತಿ.

ನನ್ನ ಹತ್ತಿರ ಇದ್ದದ್ದು 8 ಜಿಬಿ ಪೆನ್‌ಡ್ರೈವ್. ಹನ್ನೊಂದು ಸಲ ಓಡಾಡುವ ತಾಳ್ಮೆ ಇರಲಿಲ್ಲ. ಅಪ್ಪನ ಕಂಪ್ಯೂಟರ್, ನನ್ನ ಲ್ಯಾಪ್‌ಟಾಪ್ ಎರಡನ್ನೂ ನೇರವಾಗಿ ಲ್ಯಾನ್ ಕೇಬಲ್‌ನಿಂದ ಜೋಡಿಸೋಣ ಅಂದುಕೊಂಡೆ. ಮೊದಲೆಲ್ಲ ಇದಕ್ಕೆ ಕ್ರಾಸ್ ಕೇಬಲ್ ಅಂತ ಬೇರೆಯೇ ಬೇಕಿತ್ತು. ಈಗಿನ ಲ್ಯಾಪ್‌ಟಾಪಿನ ಪೋರ್ಟ್ ತಂತಿಗಳನ್ನು ತಾನೇ ಅದಲು ಬದಲು ಮಾಡಿಕೊಳ್ಳುತ್ತೆ, ಮಾಮೂಲಿ ಕೇಬಲ್ ಸಾಕು.

ಮೋಡೆಮ್ ಡಬ್ಬದಲ್ಲಿ ಒಂದು ಸಿಕ್ಕಿತು. ಬರೀ ಒಂದೂವರೆ ಮೀಟರ್. ಡೆಸ್ಕ್‌ಟಾಪಿನ ಹಿಂದಿನಿಂದ ಎಳೆದರೆ ಅಮ್ಮನ ಹೊಲಿಗೆ ಮೆಷಿನ್‌ವರೆಗೆ ಮಾತ್ರ ಬಂತು. ಲ್ಯಾಪ್‌ಟಾಪ್ ಅಲ್ಲೇ ಕೂತಿತು. ಕೇಬಲ್ ತುದಿಯ ಪ್ಲಾಸ್ಟಿಕ್ ಕೊಕ್ಕೆ ಬೇರೆ ಮುರಿದಿತ್ತು, ಸ್ವಲ್ಪ ಅಲುಗಿದರೂ ಕಳಚಿ ಬೀಳುತ್ತಿತ್ತು. ಅಮ್ಮ ಒಂದು ಚೂರು ಬಟ್ಟೆ ಮಡಿಸಿ ಅಡಿಗೆ ತುರುಕಿದರು. ಗಟ್ಟಿಯಾಗಿ ನಿಂತಿತು.

ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2 ಅಂತ ವಿಳಾಸ ಕೊಟ್ಟೆ. ಸಂಪರ್ಕ ಸಿಕ್ಕಿತಾ ನೋಡೋಣ ಅಂತ ಪಿಂಗ್ ಮಾಡಿದರೆ ಉತ್ತರವೇ ಇಲ್ಲ. ಅಪ್ಪನ ವಿಂಡೋಸ್ 7 ಇದನ್ನು ಗುರುತಿಲ್ಲದ ನೆಟ್‌ವರ್ಕ್ ಅಂದುಕೊಂಡು, ಹೊರಗಿನವರನ್ನು ತಡೆಯುವ ಫೈರ್‌ವಾಲ್ ಹಾಕಿ ಕೂತಿತ್ತು. ಫೈಲ್ ಶೇರಿಂಗಿಗೆ ಅನುಮತಿ ಕೊಟ್ಟೆ. ಈಗ ಪಾಸ್‌ವರ್ಡ್ ಕೇಳಿತು. ಅಪ್ಪನ ಖಾತೆಗೆ ಪಾಸ್‌ವರ್ಡೇ ಇಲ್ಲ. ಹಾಗಿದ್ದರೆ ವಿಂಡೋಸ್ ಹೊರಗಿನಿಂದ ಒಳಗೆ ಬಿಡುವುದೇ ಇಲ್ಲ. ಒಂದನ್ನು ಇಡಬೇಕು ಅಂದೆ.

"ನನ್ನ ಮನೇಲಿ ನನಗೇ ಬೀಗವಾ?"

"ಎರಡು ಗಂಟೆ ಮಟ್ಟಿಗೆ ಅಪ್ಪ. ಆಮೇಲೆ ತೆಗೀತೀನಿ."

ಕಾಪಿ ಶುರುವಾಯಿತು. ಹಳೇ ಪೋರ್ಟಿನ ಮಿತಿ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 11-12 ಎಂಬಿ. ಲೆಕ್ಕ ಹಾಕಿದೆ, ಎರಡೂಕಾಲು ಗಂಟೆ. ಅರ್ಧ ಗಂಟೆ ಆಗಿರಬೇಕು, ಕರೆಂಟ್ ಹೋಯಿತು. ಸಾಗರದ ಮಳೆಗಾಲ, ಕೇಳಬೇಕಾ?

ಕರೆಂಟ್ ಬಂದ ಮೇಲೆ ರೋಬೋಕಾಪಿ ಹಿಡಿದೆ. ವಿಂಡೋಸ್ ಒಳಗೇ ಇರುವ ಆಜ್ಞೆ ಅದು, ಆಗಲೇ ಬಂದಿರುವ ಫೈಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೆ. ಆದರೆ ಒಂದು ಕಿತಾಪತಿ ಇದೆ. ಓದಲಾಗದ ಫೈಲ್ ಸಿಕ್ಕರೆ, ನಾವು ಹೇಳದಿದ್ದರೆ, 30 ಸೆಕೆಂಡಿಗೊಮ್ಮೆ ಅಂತ 10 ಲಕ್ಷ ಸಲ ಪ್ರಯತ್ನಿಸುತ್ತೆ! ಹಾಳಾದ ಒಂದು ಫೈಲ್ ಸಾಕು, ಕೆಲಸ ಮುಗಿಯೋ ಹೊತ್ತಿಗೆ ಮುಂದಿನ ಗಣೇಶ ಹಬ್ಬ. ಒಂದೇ ಸಲ ಪ್ರಯತ್ನಿಸು, ಒಂದೇ ಸೆಕೆಂಡ್ ಕಾಯಿ ಅಂತ ಬರೆದು ಬಿಟ್ಟೆ. ಕೊನೆಗೆ ನಾಲ್ಕು ಫೋಟೋ ಹೋದವು, ಉಳಿದದ್ದೆಲ್ಲ ಬಂತು. ರಾತ್ರಿ ಪೇಟೆಯಿಂದ ತಂದ ಹೊಸ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹಾಕಿದೆ.

ಅಪ್ಪನಿಗೆ ತೋರಿಸೋಣ ಅಂತ ಕರ್ಣನ ಅರ್ಥದ ಫೈಲ್ ತೆರೆದೆ. ಪುಟದ ತುಂಬ ತಲೆಗೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು. ಅಪ್ಪನ ಮುಖ ಸಣ್ಣಗಾಯಿತು. ಅವರು ಬರೆದದ್ದು ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಕನ್ನಡ ಕಾಣಿಸುವುದಿಲ್ಲ. ಫೈಲ್ ತಂದಿದ್ದೆ, ಅಕ್ಷರ ತಂದಿರಲಿಲ್ಲ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಅದೇ ಕೇಬಲ್‌ನಲ್ಲಿ ಎಳೆದುಕೊಂಡು ಹಾಕಿದೆ. ಮತ್ತೆ ತೆರೆದಾಗ ಕರ್ಣ ಮಾತಾಡಿದ.

ಅಪ್ಪ ಕನ್ನಡಕ ಏರಿಸಿ ಒಂದು ಪುಟ ಜೋರಾಗಿ ಓದಿದರು. ನಡುವೆ ನಿಂತು ಒಂದು ಸಾಲು ಅಳಿಸಿ ಬೇರೆ ಬರೆದರು. ಆಮೇಲೆ ಹಳೇ ಕಂಪ್ಯೂಟರಿನ ಕಡೆ ತಿರುಗಿ ಕೇಳಿದರು: "ಇದು ಅದರಲ್ಲೂ ತಿದ್ದಿತಾ?"

"ಇಲ್ಲ ಅಪ್ಪ. ಅದು ಬೇರೆ, ಇದು ಬೇರೆ."

"ಹಾಗಾದ್ರೆ ಈಗ ನಂದು ಯಾವ್ದು?"