ಓಟದ ಚಪ್ಪಲಿ: ಅಡಿ ತಿರುಗಿಸಿ ನೋಡಿ
ಕಾರವಾರದ ಟಾಗೋರ್ ಕಡಲತೀರದ ಒದ್ದೆ ಮರಳಲ್ಲಿ ಓಡಲು ಚಪ್ಪಲಿಯೇ ಬೇಡ. ಶಿರಸಿ ಕಡೆಯ ಜಲ್ಲಿ ರಸ್ತೆಗಾದರೆ 4 ಮಿ.ಮೀ. ಅಟ್ಟೆ ಸಾಲದು, 8–10 ಇರಲಿ. ಹಿಮ್ಮಡಿಗೂ ಮುಂಗಾಲಿಗೂ ಒಂದೇ ದಪ್ಪ ಇರಲಿ.

ಅಳತೆ ನಿಂತೇ ಕೊಡಿ, ಭಾರ ಬಿದ್ದಾಗ ಪಾದ ಅಗಲವಾಗುತ್ತದೆ. ಬೆರಳ ಮುಂದೆ 5 ಮಿ.ಮೀ. ಸಾಕು. ಹೆಚ್ಚಾದರೆ ತುದಿ ಮಡಚಿ ಎಡವುತ್ತೀರಿ. ಮೊದಲು ಹರಿಯುವುದು ಹೆಬ್ಬೆರಳ ಸಂದಿಯ ದಾರ. ಅದರ ಗಂಟು ಅಟ್ಟೆಯಡಿ ಉಬ್ಬಿದ್ದರೆ ಡಾಂಬರಿಗೆ ಉಜ್ಜಿ ಸವೆದುಹೋಗುತ್ತದೆ. ಗಂಟು ಒಳಗೆ ಕೂತಿದೆಯೇ, ಬೆರಳಾಡಿಸಿ ನೋಡಿಯೇ ಕೊಳ್ಳಿ.

ಮೆಕ್ಸಿಕೋದ ರರಾಮುರಿ ಜನ ಹಳೆ ಟೈರು ಕತ್ತರಿಸಿ, ಬಾರು ಕಟ್ಟಿ ಬೆಟ್ಟ ಓಡುತ್ತಾರೆ. ನಮ್ಮ ಸಂತೆಯ ಟೈರ್ ಚಪ್ಪಲಿಯೂ ಅದರ ತಮ್ಮನೇ ಅನಿಸುತ್ತದೆ.

ಮಳೆಗಾಲಕ್ಕೆ ನುಣುಪು ಚರ್ಮದ ಮೇಲ್ಪದರ ಬೇಡವೇ ಬೇಡ, ಪಾದ ಜಾರುತ್ತದೆ. ಮೊದಲ ವಾರ ಒಂದು ಕಿ.ಮೀ. ದಾಟಬೇಡಿ. ಶೂಗಿಂತ ಹಿಮ್ಮಡಿ ತಗ್ಗಿದ್ದಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ.