ತಿರುವಿ ತೋರಿಸು

ಶಾಲೆಯಲ್ಲಿ ನಮಗೆ ಕಸೂತಿ ಕಲಿಸಿದ ಅಕ್ಕಾವರು ತೀರಿಕೊಂಡರೆಂಬ ಸುದ್ದಿ ಓದಿದಾಗ ಕಿವಿಯಲ್ಲಿ ಮೊಳಗಿದ್ದು ಅವರ ಎರಡೇ ಮಾತು: “ತಿರುವಿ ತೋರಿಸು.”

ಧಾರವಾಡದ ಶಾಲೆಯಲ್ಲಿ ಕಲಿತ ಬೀಜಗಣಿತ ಒಂದು ಸಾಲೂ ನೆನಪಿಲ್ಲ. ಕಸೂತಿ ನೆನಪಿದೆ. ದಾರದ ತುದಿಗೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು, ಬಿಟ್ಟ ಸಂದುಗಳನ್ನು ತುಂಬಬೇಕು. ಆಗ ಎರಡೂ ಬದಿ ಒಂದೇ ಥರ ಕಾಣುತ್ತವೆ. ಅಕ್ಕಾವರು ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ.

ಹಾರ್ಮೋನಿಯಂ ನುಡಿಸುತ್ತಿದ್ದರು, ನಾಟಕ ಬರೆಯುತ್ತಿದ್ದರು, ಅದರ ಪರದೆಗೆ ಬಣ್ಣವನ್ನೂ ತಾವೇ ಬಳಿಯುತ್ತಿದ್ದರು. ಸಣ್ಣಾಟವೆಂಬ ಜನಪದ ನಾಟಕದವರು ಬಂದರೆ ಶಾಲೆಯ ಅಂಗಳ ಕೊಡಿಸಿ, ಸೆರಗು ಸಿಕ್ಕಿಸಿ ಚಂದಾ ಎತ್ತಲು ಹೊರಡುತ್ತಿದ್ದರು. ಅವರ ಆರಾಧ್ಯದೈವ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮಾನವಂತ ಮನೆತನದ ಹೆಣ್ಣು ರಂಗ ಹತ್ತಬಾರದೆನ್ನುತ್ತಿದ್ದ ಕಾಲದಲ್ಲಿ ನಟಿಸಿದವರು, 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತವರು, 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ ನೇಕಾರ, ಕುಂಬಾರರ ಹಟ್ಟಿಗಳಿಗೆ ತಾವೇ ಹೋದವರು. “ಆಕೆ ಸೋತದ್ದನ್ನೂ ಬರೆದುಕೊಳ್ಳಿ” ಎನ್ನುತ್ತಿದ್ದರು ಅಕ್ಕಾವರು.

ಒಂದು ವರ್ಷ ಅವರ ನಾಟಕ 1930ರ ಉಪ್ಪಿನ ಸತ್ಯಾಗ್ರಹದ್ದು. ಮುಂಬೈಯಲ್ಲಿ ಉಪ್ಪು ಮಾರಿ ಸೆರೆಮನೆಗೆ ಹೋದ ಕಮಲಾದೇವಿಯ ಪಾತ್ರಧಾರಿ ರಂಗದಿಂದಿಳಿದು ಮುಖ್ಯೋಪಾಧ್ಯಾಯರಿಗೂ ಒಂದು ಪೊಟ್ಟಣ ಮಾರಿದಳು. ಪೊಟ್ಟಣಗಳಲ್ಲಿ ಉಪ್ಪಿನ ಬದಲು ಸಕ್ಕರೆ ತುಂಬಿದ್ದವರು ನಾವು ಮೂವರು. ಚಿಟಿಕೆ ಬಾಯಿಗೆ ಹಾಕಿಕೊಂಡ ಅವರು “ಅರೆ, ಸಿಹಿ!” ಎಂದುಬಿಟ್ಟರು. ಸಭೆ ಗೊಳ್ಳೆಂದಿತು. ಪರದೆಯ ಹಿಂದಿನಿಂದ ಅಕ್ಕಾವರ ದನಿ: “ಸ್ವರಾಜ್ಯದ ಉಪ್ಪು ಸರ್, ಹಾಗೆಯೇ ಇರುತ್ತದೆ.” ಮರುಕ್ಷಣ ಹಾರ್ಮೋನಿಯಂ. ಎಷ್ಟೋ ಜನ ಅದನ್ನು ನಾಟಕದ ಮಾತೆಂದೇ ತಿಳಿದರು.

ಶಿಕ್ಷೆ ಮರುದಿನ. ತಿಂಗಳಿಡೀ ಊಟದ ಬಿಡುವಿನಲ್ಲಿ ಕುಳಿತು ತಲಾ ಒಂದು ಗೋಪುರದ ಕಸೂತಿ ಚಿತ್ರ ಹೊಲಿಯಬೇಕು. ಹುಡುಗಿಯರು ಕಿಟಕಿಯಲ್ಲಿ ನಿಂತು ನಕ್ಕದ್ದೇ ನಿಜವಾದ ಶಿಕ್ಷೆ.

ಮುಂದೆ ಬ್ಯಾಂಕಿನಲ್ಲಿ ಶಾಖಾ ವ್ಯವಸ್ಥಾಪಕನಾದಾಗ ಕಸೂತಿ ಹೆಂಗಸರ ಸಂಘಕ್ಕೆ ಸಾಲ ಕೊಡುವ ಮುನ್ನ ಸೀರೆಯ ಸೆರಗನ್ನು ತಿರುವಿ ನೋಡಿದ ಅಧಿಕಾರಿ ನಾನೊಬ್ಬನೇ ಇರಬೇಕು. ನಾನೇ ಹೇಳಿಕೊಳ್ಳದಿದ್ದರೆ ಇದನ್ನು ಯಾರು ಹೇಳುತ್ತಾರೆ? ಈಗ ಮೊಮ್ಮಗಳ ಶಾಲೆಯಲ್ಲಿ ಕರಕುಶಲದ ಅವಧಿಯನ್ನು ಗಣಿತ ನುಂಗಿದೆ. ‘ಪ್ರಾಜೆಕ್ಟ್’ ಎಂಬುದನ್ನು ಅವಳ ಅಪ್ಪ ರಾತ್ರಿ ಹನ್ನೊಂದಕ್ಕೆ ಅಂಟಿಸುತ್ತಾನೆ. ಅವನಿಗೆ ಒಳ್ಳೆಯ ಅಂಕ ಬಂದಿವೆ.

ಶ್ರದ್ಧಾಂಜಲಿ ಸಭೆಯಲ್ಲಿ ಅಕ್ಕಾವರ ಟ್ರಂಕನ್ನು ತೆರೆದಿಟ್ಟಿದ್ದರು. ನಮ್ಮ ಮೂರು ಗೋಪುರಗಳೂ ಅದರಲ್ಲಿದ್ದವು. ನನ್ನದನ್ನು ತಿರುವಿದೆ. ಅವರ ಕಣ್ಣು ತಪ್ಪಿಸಿ ಹಾಕಿದ್ದೆನೆಂದು ಇಷ್ಟು ವರ್ಷ ನಂಬಿದ್ದ ಗಂಟಿನ ಸುತ್ತ ಕೆಂಪು ಪೆನ್ಸಿಲಿನ ವೃತ್ತವಿತ್ತು.