ಬಲ್ಬ್ ತಗೊಳ್ಳೋ ಮುಂಚೆ ಹೋಲ್ಡರ್‌ಗೆ ಎಷ್ಟು ವೋಲ್ಟ್ ಬರ್ತಿದೆ ನೋಡ್ಕೊಳ್ಳಿ

ಮಳೆಗಾಲ ಶುರುವಾದ್ರೆ ಸಾಕು, ನಂಗೆ ಬರೋ ಫೋನು ಒಂದೇ ತರ. "ಅಣ್ಣ, ರಾತ್ರಿ ಹೊತ್ತು ರೋಡೇ ಕಾಣಲ್ಲ, ಗಾಡಿ ಹೆಡ್‌ಲೈಟಿಗೆ ಯಾವ್ ಬಲ್ಬ್ ಹಾಕ್ಸಣ?" ಅಂತ. ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಕ್ಯಾತ್ಸಂದ್ರ ಕಡೆ ಹೈವೇಲಿ ಬರೋವಾಗ ಏನೂ ಗೊತ್ತಾಗಲ್ಲ, ಅಕ್ಕಪಕ್ಕದ ಬೆಳಕಲ್ಲೇ ನಡೆದೋಗುತ್ತೆ, ತುಮಕೂರು ದಾಟಿ ಕೊರಟಗೆರೆ ಮಧುಗಿರಿ ಕಡೆ ತಿರುಗಿದ ಮೇಲೆ ನೋಡಿ, ಬಿಳಿ ಗೆರೆ ಅಳಿಸೋಗಿರುತ್ತೆ, ಹಿಂದುಗಡೆ ಒಂದು ರಿಫ್ಲೆಕ್ಟರೂ ಇಲ್ಲದ ಟ್ರಾಕ್ಟರ್ ಟ್ರೈಲರ್ ಎದ್ರಿಗೇ ಇದ್ರೂ ಹತ್ರ ಹೋಗೋವರೆಗೂ ಕಾಣಲ್ಲ. ಆದ್ರೆ ಹತ್ತು ಜನ ಕೇಳಿದ್ರೆ ಬಹಳಷ್ಟು ಜನಕ್ಕೆ ನಾನು ಹೇಳೋದು, ಬಲ್ಬ್ ಆಮೇಲೆ ನೋಡಣ, ಮೊದ್ಲು ಮಲ್ಟಿಮೀಟರ್, ಅಂದ್ರೆ ವೋಲ್ಟ್ ಅಳೆಯೋ ಮೀಟರ್ ಹಿಡಿರಿ.

ನಮ್ ಭಾವಂದು ಒಂದು ಹಳೇ ವ್ಯಾಗನ್ ಆರ್ ಇದೆ. ಎಚ್4 ಅನ್ನೋ ಹ್ಯಾಲೊಜೆನ್ ಬಲ್ಬು, 60/55 ವ್ಯಾಟು, ಹೈ ಬೀಮಿಗೆ (ದೂರದ ಬೆಳಕು) 60, ಲೋ ಬೀಮಿಗೆ (ಹತ್ರದ ಬೆಳಕು) 55. ದೀಪ ಹಳದಿ ತಿರುಗಿ ಸೀಮೆಎಣ್ಣೆ ಬುಡ್ಡಿ ಆಗಿತ್ತು. ಇಂಜಿನ್ ಆನ್ ಮಾಡಿ, ಲೈಟ್ ಹಾಕಿ, ಮೀಟರ್ ಬ್ಯಾಟರಿ ಮೇಲೆ ಇಟ್ರೆ 13.8 ವೋಲ್ಟ್ ತೋರಿಸ್ತು, ಬಲ್ಬಿನ ಹಿಂದುಗಡೆ ಇಟ್ರೆ 12.3. ದಾರೀಲೇ ಒಂದೂವರೆ ವೋಲ್ಟ್ ಮಾಯ. ಒಂದೂವರೆ ತಾನೇ ಅನ್ನಿಸ್ಬೋದು, ಆದ್ರೆ ಹ್ಯಾಲೊಜೆನ್ ಬಲ್ಬಿನ ಲೆಕ್ಕಾನೇ ಬೇರೆ, ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದ್ರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತೆ. ಅಂದ್ರೆ ಭಾವ ಮೂರನೇ ಒಂದು ಭಾಗ ಬೆಳಕನ್ನ ವೈರಲ್ಲೇ ಕಳ್ಕೊಂಡು ಓಡಾಡ್ತಿದ್ರು. ನಮ್ಮ ಕಡೆ ತೋಟದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಟ್ರಾನ್ಸ್‌ಫಾರ್ಮರ್‌ನಿಂದ ಕೊನೇಲಿರೋ ಪಂಪ್‌ಸೆಟ್ಟಿಗೆ ಹೋಗೋ ಅಷ್ಟರಲ್ಲಿ ವೋಲ್ಟೇಜ್ ಇಳಿಯುತ್ತಲ್ಲ, ಅದೇ ಇಲ್ಲೂ ಆಗೋದು.

ಈಗ ಇದೇ ಗಾಡಿ ತಗೊಂಡೋಗಿ 100/90 ವ್ಯಾಟ್ ಬಲ್ಬ್ ಹಾಕ್ಸಿದ್ರೆ? ಬಲ್ಬಿಗೆ ಐದು ಆಂಪಿಯರ್ ಎಳೀತಿದ್ದಿದ್ದು ಎಂಟು ಚಿಲ್ಲರೆ ಎಳೆಯುತ್ತೆ. ವೈರು ಕಂಪನಿಯವರು ಐದಕ್ಕೆ ಲೆಕ್ಕ ಹಾಕಿ ಹಾಕಿರೋದು. ವೈರಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂಗೆ ಏರೋದ್ರಿಂದ ಅದೇ ವೈರು, ಅದೇ ಹೋಲ್ಡರು, ಅದೇ ಸ್ವಿಚ್ಚು ಎರಡೂವರೆ ಪಟ್ಟಿಗಿಂತ ಜಾಸ್ತಿ ಕಾಯುತ್ತೆ. ಮಧುಗಿರಿ ಕಡೆ ಸ್ನೇಹಿತರೊಬ್ಬರ ಗಾಡೀಲಿ ಆಗಿದ್ದು ಇದೇ, ಮೊದ್ಲು ಸುಟ್ಟ ವಾಸನೆ, ಆಮೇಲೆ ಒಂದು ಕಡೆ ಲೈಟು ಮಿಣುಕ್ ಮಿಣುಕ್, ಬಿಚ್ಚಿ ನೋಡಿದ್ರೆ ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬಲ್ಬಿನ ಕಾಲಿಗೆ ಅಂಟ್ಕೊಂಡಿತ್ತು. ಅದಕ್ಕಿಂತ ಭಯ ಆಗಿದ್ದು ಇನ್ನೊಂದು. ಫ್ಯೂಸ್ ಹೋಗ್ತಾ ಇದೆ ಅಂತ ಹಾಕಿದವರು 15 ಆಂಪಿಯರ್ ಜಾಗದಲ್ಲಿ 30 ಆಂಪಿಯರ್ ಫ್ಯೂಸ್ ಚುಚ್ಚಿದ್ರು. ಫ್ಯೂಸ್ ಇರೋದು ಬಲ್ಬ್ ಉಳಿಸೋಕಲ್ಲ ಸ್ವಾಮಿ, ವೈರಿಗೆ ಬೆಂಕಿ ಹತ್ತದೆ ಇರ್ಲಿ ಅಂತ. ಮೂವತ್ತು ಹಾಕಿದ್ರೆ ಮೊದ್ಲು ವೈರು ಉರಿಯುತ್ತೆ, ಆಮೇಲೆ ಫ್ಯೂಸ್ ಹೋಗುತ್ತೆ.

ಭಾವನ ಗಾಡಿಗೆ ಹಾಕ್ಸಿದ್ದು ಅದೇ 60/55 ಬಲ್ಬು, ಹೊಸದು, ಜೊತೆಗೆ ರಿಲೇ ವೈರಿಂಗ್ ಕಿಟ್. ರಿಲೇ ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು, ಅದರ ಕಾಲುಗಳಿಗೆ ನಂಬರ್ ಬರೆದಿರುತ್ತೆ. ಅಷ್ಟೇ. ಬ್ಯಾಟರಿಯಿಂದ ನೇರ ದಪ್ಪ ವೈರು, ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ್ದು, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸು, ಅಲ್ಲಿಂದ ರಿಲೇ 30ನೇ ಕಾಲಿಗೆ, 87ರಿಂದ ಬಲ್ಬಿಗೆ. ಹಳೇ ವೈರು ಈಗ ರಿಲೇ ಆನ್ ಮಾಡೋ ಕಾಯಿಲಿಗೆ, ಅಂದ್ರೆ 85, 86ಕ್ಕೆ, ಸಿಗ್ನಲ್ ಮಾತ್ರ ಕೊಡುತ್ತೆ, ಒಂದು ಆಂಪಿಯರಿನ ಕಾಲು ಭಾಗಾನೂ ಅದರಲ್ಲಿ ಹರಿಯಲ್ಲ, ಹಂಗಾಗಿ ಸ್ಟಿಯರಿಂಗ್ ಹತ್ರ ಇರೋ ಸ್ವಿಚ್ಚಿಗೂ ಆಯಸ್ಸು. ಲೋ ಬೀಮಿಗೊಂದು ಹೈ ಬೀಮಿಗೊಂದು ರಿಲೇ, ಹೋಲ್ಡರ್ ಬಿಸಿಗೆ ಕರಗದ ಸೆರಾಮಿಕ್‌ದು. ಅರ್ತ್, ಅಂದ್ರೆ ಬಾಡಿಗೆ ಕೊಡೋ ನೆಗೆಟಿವ್ ವೈರು, ಅದನ್ನ ಮಾತ್ರ ಯಾರೂ ನೋಡಲ್ಲ, ಬಾಡಿ ಮೇಲಿನ ಪೇಂಟ್ ಕೆರೆದು ತುಕ್ಕು ತೆಗೆದು ಬೋಲ್ಟ್ ಬಿಗಿ ಮಾಡ್ಬೇಕು, ಇಲ್ಲಾಂದ್ರೆ ಪಾಸಿಟಿವ್ ಕಡೆ ಉಳಿಸಿದ್ದೆಲ್ಲಾ ನೆಗೆಟಿವ್ ಕಡೆ ಹೋಗುತ್ತೆ. ತುಮಕೂರಲ್ಲಿ ಶಿರಾ ಗೇಟ್ ಕಡೆ ಆಗ್ಲಿ ಬಿ.ಎಚ್. ರೋಡಲ್ಲಿ ಆಗ್ಲಿ, ಎಲ್ಲಿ ಮಾಡಿಸಿದ್ರೂ ಪಕ್ಕದಲ್ಲೇ ನಿಂತ್ಕೊಳ್ಳಿ, ವೈರ್ ಹೆಣೆದು ಕಪ್ಪು ಟೇಪ್ ಸುತ್ತೋಕೆ ಬಿಡ್ಬೇಡಿ, ಇಂಜಿನ್ ಬಿಸಿಗೆ ಆ ಅಂಟು ಕರಗಿ ಟೇಪ್ ಬಿಚ್ಕೊಳ್ಳುತ್ತೆ. ಕ್ರಿಂಪ್ ಮಾಡಿ (ಲೋಹದ ತುದಿಯನ್ನ ವೈರ್ ಮೇಲೆ ಇಕ್ಕಳದಲ್ಲಿ ಒತ್ತಿ), ಬಿಸಿ ಮಾಡಿದ್ರೆ ಬಿಗಿಯಾಗೋ ಹೀಟ್ ಶ್ರಿಂಕ್ ಸ್ಲೀವ್ ಹಾಕ್ಲಿ. ಗಾಡೀನ ರಾಗಿ ಹುಲ್ಲಿನ ಬಣವೆ ಪಕ್ಕ ನಿಲ್ಲಿಸೋರು ವೈರ್ ಮೇಲೆ ಗಟ್ಟಿ ಪೈಪೂ ಹಾಕ್ಸಿ, ಇಲಿಗೆ ಹೊಸ ವೈರು ಹಳೇ ವೈರು ಅನ್ನೋ ಭೇದ ಇಲ್ಲ.

ಒಂದು ಮಾತು, ಜಪಾನಿ ಡಿಸೈನಿನ ಎಷ್ಟೋ ಗಾಡೀಲಿ ಹೆಡ್‌ಲೈಟಿಗೆ ಪಾಸಿಟಿವ್ ಯಾವಾಗ್ಲೂ ಬರ್ತಿರುತ್ತೆ, ಸ್ವಿಚ್ಚು ನೆಗೆಟಿವ್ ಕಡೆ ಇರುತ್ತೆ. ಅದನ್ನ ಟೆಸ್ಟ್ ಮಾಡದೆ ಮಾಮೂಲಿ ಕಿಟ್ ಹಾಕಿದ್ರೆ ರಿಲೇ ಆನ್ ಆಗೋದೇ ಇಲ್ಲ, ಕಿಟ್ಟೇ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ. ಇನ್ನು ಹೊಸ ಗಾಡಿ, ಲೈಟನ್ನ ಕಂಪ್ಯೂಟರ್ ಕಂಟ್ರೋಲ್ ಮಾಡೋ ಅಂತದ್ದಾದ್ರೆ ವೈರಿಗೆ ಕೈ ಹಾಕಲೇಬೇಡಿ, ವಾರಂಟೀನೂ ಹೋಗ್ಬೋದು. ಅಂತೋರಿಗೆ ಅದೇ 55 ವ್ಯಾಟಲ್ಲಿ ಸ್ವಲ್ಪ ಜಾಸ್ತಿ ಬೆಳಕು ಕೊಡೋ ಬಲ್ಬುಗಳಿವೆ, ಓಸ್ರಾಮ್ ನೈಟ್ ಬ್ರೇಕರ್ ತರದ್ದು, ಕರೆಂಟ್ ಅಷ್ಟೇ ಎಳೆಯುತ್ತೆ, ಫಿಲಮೆಂಟ್, ಅಂದ್ರೆ ಒಳಗಿನ ಸಣ್ಣ ತಂತಿ, ಜಾಸ್ತಿ ಕಾಯಿಸಿ ಬೆಳಕು ತೆಗೆಯೋದ್ರಿಂದ ಬೇಗ ಹೋಗುತ್ತೆ, ಅದಕ್ಕೆ ರೆಡಿ ಇರ್ಬೇಕು. ಬಲ್ಬಿನ ಗಾಜು ಮಾತ್ರ ಬರಿಗೈಲಿ ಮುಟ್ಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಕಾದು ಒಡೆಯುತ್ತೆ.

ಎಲ್‌ಇಡಿ ಹಾಕ್ಸೋಣ ಅಂತ ಕಾಮೆಂಟ್ ಮಾಡೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಕರೆಂಟ್ ಕಮ್ಮಿ ಎಳೆಯುತ್ತೆ, ವೈರಿಂಗಿಗೆ ತೊಂದ್ರೆ ಕಮ್ಮಿ, ಒಪ್ತೀನಿ. ಆದ್ರೆ ಹ್ಯಾಲೊಜೆನ್ ರಿಫ್ಲೆಕ್ಟರ್ (ಹೆಡ್‌ಲೈಟ್ ಒಳಗಿನ ಹೊಳೆಯೋ ಬಟ್ಟಲು) ಮಾಡಿರೋದು ಆ ಫಿಲಮೆಂಟ್ ಕೂರೋ ಜಾಗ ನೋಡ್ಕೊಂಡು, ಎಲ್‌ಇಡಿಯ ಚಿಪ್ ಒಂಚೂರು ಆಚೀಚೆ ಆದ್ರೂ ಬೆಳಕು ರೋಡ್ ಬಿಟ್ಟು ಎದುರುಗಡೆಯವನ ಕಣ್ಣಿಗೆ ಹೋಗುತ್ತೆ, ದೇವರಾಯನದುರ್ಗದ ತಿರುವಲ್ಲಿ ಒಂದ್ಸಲ ಅಂತ ಗಾಡಿ ಎದುರಾದ್ರೆ ಗೊತ್ತಾಗುತ್ತೆ. ಮಳೇಲಂತೂ ಆ ಬೆಳ್ಳನೆ ಬೆಳಕು ಒದ್ದೆ ಟಾರಲ್ಲಿ ಎಲ್ಲಿ ಹೋಯ್ತು ಅನ್ನೋದೇ ತಿಳಿಯಲ್ಲ. ಎಲ್‌ಇಡಿ ಬಲ್ಬಿನ ಹಿಂದಿರೋ ಫ್ಯಾನ್ ಹಿಡಿಸಲ್ಲ ಅಂತ ಹೆಡ್‌ಲೈಟಿನ ರಬ್ಬರ್ ಕ್ಯಾಪ್ ಕತ್ತರಿಸ್ತಾರೆ, ಒಳಗೆ ನೀರು ಧೂಳು ಎಲ್ಲಾ ಸೇರುತ್ತೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಈ ಕಣ್ಣು ಕುಕ್ಕೋ ಎಲ್‌ಇಡಿಗಳ ಮೇಲೆ ರಾಜ್ಯಾದ್ಯಂತ ಕೇಸ್ ಹಾಕೋಕೆ ಶುರು ಮಾಡಿದ್ದು ಸುಮ್ನೆ ಅಲ್ಲ.

ವೋಲ್ಟೇಜ್ ಸರಿ ಇದ್ರೂ ಮಂದ ಅನ್ಸಿದ್ರೆ ಮುಂದಿನ ಗಾಜು, ಗಾಜಲ್ಲ ಅದು ಪ್ಲಾಸ್ಟಿಕ್ಕು, ಬಿಸಿಲಿಗೆ ಹಳದಿ ಆಗಿದ್ಯಾ ನೋಡಿ, ಪಾಲಿಶ್ ಹೊಡೆಸಿದ್ರೆ ಎಷ್ಟೋ ವಾಸಿ. ಬಲ್ಬ್ ಕೆಲಸ ಆದ್ಮೇಲೆ ಸಮತಟ್ಟಾದ ಜಾಗದಲ್ಲಿ ಗಾಡೀನ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಿ, ಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೀಳ್ಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಿರುತ್ತೆ, ಅದು ರೋಡ್ ಅಂಚು ಕಾಣ್ಲಿ ಅಂತ ಬಿಟ್ಟಿರೋದು. ಹಿಂದಿನ ಸೀಟಲ್ಲಿ ಮೂರು ಜನ, ಡಿಕ್ಕೀಲಿ ಎರಡು ಮೂಟೆ ತೆಂಗಿನಕಾಯಿ ತುಂಬ್ಕೊಂಡು ತಿಪಟೂರಿಂದ ಬರೋರು ಡ್ಯಾಶ್‌ಬೋರ್ಡಲ್ಲಿ 0, 1, 2, 3 ಅಂತ ಬರೆದಿರೋ ಚಕ್ರ ಇದ್ರೆ ಅದನ್ನ ಮೇಲಿನ ನಂಬರಿಗೆ ತಿರುಗಿಸಿ, ಲೈಟು ಕೆಳಗಿಳಿಯುತ್ತೆ.